ಸೀಟಿಗೆ ಕರ್ಚೀಫು

ಡಾಕ್ಟರು ಲವೀನಾ ಬಾಯಿ ಕೇಳಿದರು:
"ಬಸ್ಸು ಪೂರ್ತಿ ನಿಲ್ಲುವ ಮೊದಲೇ
ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದದ್ದುಂಟಾ?"
ಉಂಟು, ಎಂದೆ. ಹಿಡಿಯದವರು ಯಾರು ಈ ಉಡುಪಿಯಲ್ಲಿ.
"ಈ ಮಾತ್ರೆಯೂ ಅಷ್ಟೇ ಮಾರಾಯರೇ.
ತಲೆಯೊಳಗೆ ಬೀಡಿ ಬಂದು ಕೂರುವ ಸೀಟುಂಟಲ್ಲ,
ಅಲ್ಲಿ ಇದು ಮೊದಲೇ ಹೋಗಿ ಕೂತಿರ್ತದೆ.
ಬೀಡಿ ಹತ್ತುತ್ತದೆ, ಆಚೀಚೆ ನೋಡ್ತದೆ,
ಜಾಗ ಇಲ್ಲ. ಇಳಿದು ಹೋಗ್ತದೆ."

ಮೊದಲ ಮೂರು ದಿನ ದಿನಕ್ಕೊಂದು ಬಿಳಿ.
ಆಮೇಲೆ ಎರಡು. ಎಂಟನೇ ದಿನದಿಂದ ನೀಲಿ;
ಅವತ್ತಿನಿಂದ ಬೀಡಿ ಬಂದ್.
ಉಂಡೇ ನುಂಗಬೇಕು. ಕನಸು ಜೋರು ಬಿದ್ದರೆ ಹೆದರಬಾರದು.
ಮನಸ್ಸು ಕೆಟ್ಟರೆ ಕಾಯದೆ ಫೋನು ಮಾಡಬೇಕು.

ನನ್ನ ಮೊದಲ ಬೀಡಿ ಅಮ್ಮ ಕಟ್ಟಿದ್ದು.
ಗಿರಿಜಾ ಪೂಜಾರ್ತಿ, ದಿನಕ್ಕೆ ಎಂಟುನೂರು,
ಮನೆಯಲ್ಲಿ ಖರ್ಚು ಬಂದರೆ ರಾತ್ರಿ ಕೂತು ಸಾವಿರ.
ಬ್ರಾಂಚಿಗೆ ಹೊತ್ತೊಯ್ಯುವುದು ನಾನು.
ಚೆಕ್ಕರ್ ಕಟ್ಟು ಬಿಚ್ಚಿ, ಬೆರಳಲ್ಲಿ ಒತ್ತಿ,
ಸಪೂರ, ಸಡಿಲ ಎಂದು ಮುರಿದೆಸೆದ ರಾಶಿಯಲ್ಲಿ
ಒಂದು ಹೇಗೋ ಇಡಿಯಾಗಿ ಉಳಿದಿತ್ತು.
ಚಡ್ಡಿ ಕಿಸೆಯಲ್ಲಿಟ್ಟುಕೊಂಡೆ.
ಕೆಂಪು ನೂಲಿನ ಗಂಟು ಅವಳದ್ದೇ,
ಹನ್ನೆರಡು ವರ್ಷದ ತುಟಿಗೆ ತಾಗಿತು.

ಆ ಕಟ್ಟುಗಳಲ್ಲೇ ನನ್ನ ಸ್ಲೇಟು, ತಂಗಿಯ ಓಲೆ,
ಅಪ್ಪನ ಬೊಜ್ಜದ ಅಕ್ಕಿ.
ಅಮ್ಮ ಒಂದು ದಿನವೂ ಸೇದಿದವಳಲ್ಲ.
ಕೆಮ್ಮು ಮಾತ್ರ ಅವಳಿಗೂ ಉಂಟು.

ಐದನೇ ದಿನ, ಮಲ್ಪೆಯ ಐಸ್ ಪ್ಲಾಂಟಿನಲ್ಲಿ,
ಉಣ್ಣದೆ ನುಂಗಿದ ತಪ್ಪಿಗೆ ಕ್ರಷರಿನ ಪಕ್ಕವೇ ಕಾರಿದೆ.
ಮೊಯ್ದಿನ್ ಕುಂಞಿ ನೀರು ತಂದುಕೊಟ್ಟು
ಗಂಭೀರವಾಗಿ ಕೇಳಿದ: "ಎಷ್ಟು ತಿಂಗಳಾಯ್ತು?"

ಕನಸು ಬಿತ್ತು.
ಆಳೆತ್ತರದ ಐಸಿನ ಬ್ಲಾಕು, ನಡುವೆ
ಇಪ್ಪತ್ತೈದರ ಒಂದು ಕಟ್ಟು, ಒಂದರ ತುದಿ ಮಾತ್ರ ಉರಿಯುತ್ತಾ.
ಕೊಕ್ಕೆ ಹಾಕಿ ಎಳೆದೆ. ಎಳೆದಷ್ಟೂ ಕಡಲಿಗೆ ಜಾರಿತು.
ಬೆವತು ಎದ್ದರೆ ಹೆಂಡತಿ ಬೇಬಿ
ಚಿಮಿಣಿ ಬೆಳಕಲ್ಲಿ ಕಾಣುವ ಹಾಗೆ ಕಂಡಳು,
ಫ್ಯಾನು ತಿರುಗುತ್ತಿತ್ತು, ಲೈಟು ಹಾಕಿಯೇ ಇತ್ತು.

ಹತ್ತೊಂಬತ್ತನೇ ದಿನ ಕದ್ದು ಒಂದು ಸೇದಿದೆ.
ಧಕ್ಕೆಯ ಕೊನೆಯಲ್ಲಿ, ಬಲೆ ರಾಶಿಯ ಮರೆಯಲ್ಲಿ.
ಉಪ್ಪಿಲ್ಲದ ಗಂಜಿ. ಅಷ್ಟೇ. ಏನೂ ಬರಲಿಲ್ಲ.
ಖುಷಿಯಾಗಬೇಕಿತ್ತು, ಅಳು ಬಂತು.
ನಲವತ್ತು ವರ್ಷದ ಗೆಳೆಯ ಬಸ್ಸು ಹತ್ತಿ,
ಕಂಬ ಹಿಡಿದು ನಿಂತು, ನನ್ನನ್ನೊಮ್ಮೆ ನೋಡಿ
ಮುಂದಿನ ಸ್ಟಾಪಿನಲ್ಲಿ ಇಳಿದು ಹೋದ.
ಸ್ವಲ್ಪ ಸರಿದು ಜಾಗ ಕೊಡಲೂ ಆಗಲಿಲ್ಲ.

ಫೋನಿನಲ್ಲಿ ಡಾಕ್ಟರು ಬೈಯಲಿಲ್ಲ.
"ಒಂದಾ? ಸರಿ. ರಾತ್ರಿಯದ್ದು ತಪ್ಪಿಸಬೇಡಿ."

ಅಮ್ಮನ ಕಣ್ಣಿಗೆ ಈಗ ಪೊರೆ.
ಬೆರಳು ಸುಮ್ಮನಿರುವುದಿಲ್ಲ,
ಕೂತಲ್ಲಿ ಸೀರೆಯ ಸೆರಗನ್ನೇ ಸುರುಳಿ ಸುತ್ತುತ್ತವೆ,
ತುದಿ ಮಡಚುತ್ತವೆ, ಇಲ್ಲದ ನೂಲು ಹುಡುಕುತ್ತವೆ.
ಕೇಳಿದಳು: "ಎಲ್ಲರೂ ನಿನ್ನ ಹಾಗೆ ಮಾತ್ರೆ ನುಂಗಿದರೆ
ಬ್ರಾಂಚಿಗೆ ಬೀಗ ಬೀಳುದಿಲ್ವಾ?
ಕುಸುಮಳ ಸೊಸೆಗೆ ಬೇರೆ ಕೆಲಸ ಎಲ್ಲುಂಟು?"
ಉತ್ತರ ಇರಲಿಲ್ಲ. ಈಗಲೂ ಇಲ್ಲ.
ಐಸಿನ ಕೋಣೆಯ ಬಾಗಿಲು ತೆರೆದಾಗ
ನನ್ನ ಬಾಯಿಂದ ಬಿಳಿಯಾಗಿ ಹೊರಡುವ ಪುಕ್ಕಟೆ ಹೊಗೆಯನ್ನು
ಅವಳಿಗೆ ತೋರಿಸಬೇಕೆನಿಸಿತು, ಸುಮ್ಮನಾದೆ.

ಖಾಲಿ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು
ಕತ್ತರಿ ಹಿಡಿದು ಜಡ್ಡುಗಟ್ಟಿದ ಹೆಬ್ಬೆಟ್ಟಿನಿಂದ
ಒಂದೊಂದೇ ಗುಳಿ ಒತ್ತಿ ನೋಡಿದಳು,
ತುಟಿಯಲ್ಲೇ ಎಣಿಸಿದಳು, ಹದಿನಾಲ್ಕು.
ಮತ್ತೊಮ್ಮೆ, ಹಿಂದಿನಿಂದ.

"ರಿಜೆಕ್ಟ್ ಇಲ್ಲ," ಎಂದು ವಾಪಸು ಕೊಟ್ಟಳು.