ಮೀಟರು

ಕೋಬೆಯಿಂದ ಚೆನ್ನೈ, ಚೆನ್ನೈಯಿಂದ ಜೆ.ಸಿ. ರಸ್ತೆ.
ಬೆಲೆಗಿಂತ ಸುಂಕವೇ ಜಾಸ್ತಿ ಬಿತ್ತು.
ಥರ್ಮಕೋಲು ಸುಲಿದು ದಸ್ತಗೀರ್ ಸಾಹೇಬರು
ಹರಿದ ಬನಿಯನ್ನಿನಲ್ಲಿ ಗಾಜು ಒರೆಸಿದರು:
ಒಂದು ಲಕ್ಷದ ನಲವತ್ತೆರಡು ಸಾವಿರದ ಆರುನೂರ ಎಂಟು.

"ಸೊನ್ನೆ ಮಾಡ್ಲಾ ಮೇಡಂ? ಎರಡು ನಿಮಿಷ."

ನನ್ನ ಲ್ಯಾನ್ಸರ್ ಓಡದ ದೂರ ಅದು.
ಯಾರೋ ಎಡಬದಿಯಲ್ಲೇ, ನಮ್ಮ ಹಾಗೆ,
ಮೀನು ತರಲು, ಮಗುವಿನ ಜ್ವರಕ್ಕೆ,
ಜಗಳವಾಡಿ ಸುಮ್ಮನೆ ಸುತ್ತಲು
ಸವೆಸಿದ್ದು.
ಗಾಜಿನಂಚಿಗೆ ಒಂದು ಕೂದಲು ಅಂಟಿತ್ತು,
ಅದನ್ನು ಮಾತ್ರ ಊದಿಬಿಟ್ಟರು.

"ಇರಲಿ ಬಿಡಿ" ಅಂದೆ.

ಮಿನರ್ವ ಸರ್ಕಲ್ಲಿನಲ್ಲಿ ಸಿಗ್ನಲ್ ಮೂರು ಸಲ ಕೆಂಪಾಯಿತು.
ಕೊನೆಯ ಎಂಟು
ಅರ್ಧ ಮಗುಚಿ
ಒಂಬತ್ತರ ನೆತ್ತಿ ತೋರಿಸಿ ನಿಂತಿದೆ.
ಹಿಂದಿನ ಆಟೋದವನು ಹಾರನ್ ಒತ್ತುತ್ತಾನೆ.
ಆ ಅರ್ಧ ಮಾತ್ರ ನನ್ನದು.