ಸವೆದ ಎಂಟು

ಕ್ಯೂರಿಂಗ್ ವರ್ಕ್ಸಿನ ಸ್ಯಾಂಪಲ್ ರೂಮಿನಲ್ಲಿ
ದಿನವಿಡೀ ರುಚಿ ನೋಡಿ ಉಗಿದು
ಐದೂವರೆಗೆ ಏಪ್ರನ್ ಬಿಚ್ಚಿ
ನೋಟ್‌ಬುಕ್ ತೆಗೆಯುತ್ತೇನೆ. ಮುಂದಿನ ತಿಂಗಳು
ಸ್ಪೇನಿನಿಂದ ಯಾರೋ ಬರುತ್ತಾರಂತೆ.

ದಿ, ಆಥ್, ವೆ, ಪೊನ್,
ಸಾಲ್, ಸೆ, ತೆನ್, ವೆನ್.
ಹೇಳು, ಮಾಡು, ಹೋಗು, ಇಡು...
ಸಲುಗೆಯವರಿಗೆ ಮಾತ್ರ.
ಈ ಎಂಟು ಯಾವ ನಿಯಮಕ್ಕೂ ಬಗ್ಗುವುದಿಲ್ಲ.

ಬೀಜ ಆರಿಸುತ್ತಿದ್ದ ಸಿದ್ದಿಂಗಮ್ಮ
ತಲೆಯೆತ್ತದೆ ಅಂದಳು:
"ದಿನಾ ತುಳಿಯೋ ಮೆಟ್ಲು ಸವೆಯಲ್ವಾ?"

ಹೌದಲ್ಲ. ನಮ್ಮದೂ ಸವೆದಿದೆ.
ಬರು ಅಂತ ಯಾರೂ ಯಾರನ್ನೂ ಕರೆದಿಲ್ಲ,
ಬಾ. ತರು ಅಲ್ಲ,
ತಾ.

ಬೇಡ ಅನ್ನುವಾಗ ಮಾತ್ರ
ಎರಡು ಭಾಷೆಗೂ ಸವೆದ ತುಂಡು ಸಾಲದು.
ನೊ ವೆಂಗಾಸ್. ಬರಬೇಡ.
ಹಲ್ಲೆಲ್ಲ ನೆಟ್ಟಗಿರುವ ಮಾತು.

ಅದನ್ನೇ ನಾನು ತಂಗಿ ವಿಶಾಲಾಕ್ಷಿಗೆ ಅಂದದ್ದು,
ಹನುಮಂತಪ್ಪ ಸರ್ಕಲ್ಲಿನಲ್ಲಿ, ಜನರೆದುರು,
ಒಂದಕ್ಷರವೂ ನುಂಗದೆ.
ಸಖರಾಯಪಟ್ಟಣವೇನು ದೂರವೇ?
ಮೂರು ವರ್ಷವಾಯಿತು.

ಇವತ್ತು ಮೆಸೇಜಿನಲ್ಲಿ ಬರೆದೆ: ಬನ್ನಿ.
ಅಳಿಸಿದೆ. ತಂಗಿಗೆ ಯಾರು ಬನ್ನಿ ಅಂತಾರೆ?
ಬಾ ಅನ್ನಲು ಬೆರಳು ಏಳಲಿಲ್ಲ.

ವೆನ್ ಅಂತ ಕಳಿಸಿದೆ.
ಏನೇ ಇದು ಅಂತ ಬೈಯಲಿಕ್ಕಾದರೂ
ಫೋನ್ ಮಾಡಿಯಾಳು.