ಪುಟ ಅರವತ್ತೊಂದು

ನಾನು ಪೀಟಿ ಮಾಸ್ತರು.
ಕನ್ನಡ ಮೇಷ್ಟ್ರು ನಿವೃತ್ತರಾಗಿ, ಆ ಜಾಗಕ್ಕೆ ಯಾರೂ ಬಾರದೆ
ಲೈಬ್ರರಿ ನನ್ನ ಕೊರಳಿಗೆ ಬಿತ್ತು, ಸೀಟಿಯ ಪಕ್ಕಕ್ಕೇ.
ಒಂದು ಬೀರು, ನಾನೂರ ಹನ್ನೆರಡು ಪುಸ್ತಕ,
ಅಕ್ಕಿ ಗಿರಣಿಯವರು ಕೊಟ್ಟ ಒಂದು ಟ್ಯಾಬು.
ಅದರೊಳಗಿನ ತಂತ್ರಾಂಶ ಬಲು ಶಿಸ್ತಿನದು:
ಯಾರು ಯಾವ ಪುಸ್ತಕ ಒಯ್ದರು, ಇವತ್ತು ಯಾವ ಪುಟ,
ಮಕ್ಕಳು ಬಂದು ಒತ್ತಿದರೆ ಸಾಕು, ಲೆಕ್ಕ ಅದೇ ಇಡುತ್ತದೆ.

ಪುಟ ಅಂದರೆ ನನಗೆ ಮೈದಾನದ ಸುತ್ತು.
ಓಡಿಸಿದೆ.
ಶನಿವಾರ ಪ್ರಾರ್ಥನೆ ಮುಗಿದ ಮೇಲೆ
ಟ್ಯಾಬು ಎತ್ತಿ ಹಿಡಿದು ಕೂಗುತ್ತಿದ್ದೆ
ಪ್ರಥಮ, ದ್ವಿತೀಯ, ತೃತೀಯ.
ಏಳನೇ ಬಿ-ಯ ಓಬಳೇಶ, ವಾರಕ್ಕೆ ಒಂಬತ್ತು ಪುಸ್ತಕ!
ಚಪ್ಪಾಳೆ. ಒಂದು ಪೆನ್ನು.
ಆಮೇಲೆ ತಿಳಿಯಿತು: ಮೊದಲ ಪುಟ, ಕೊನೆಯ ಪುಟ,
ನಡುವೆ ಪೂರಾ ಅಡ್ಡದಾರಿ.
ಬೇವಿನ ಮರದ ಹಿಂದೆ ಅಡಗಿ ಕೂತು
ಕೊನೇ ಸುತ್ತಿಗೆ ಬಂದು ಸೇರಿಕೊಳ್ಳುತ್ತಾರಲ್ಲ, ಹಾಗೆ.
ಬೈಯಲಿಲ್ಲ.
ನನ್ನ ಕಾಲದಲ್ಲೂ ಆ ಮರ ಅಲ್ಲೇ ಇತ್ತು.

ಪಟ್ಟಿಯ ತಳದಲ್ಲಿ ಒಂದು ಕೆಂಪು ಗೆರೆ.
ಮುಬೀನಾ, ಆರನೇ ತರಗತಿ.
ಒಂದೇ ಪುಸ್ತಕ, ನಲವತ್ಮೂರು ದಿನ.
ಪುಟ ೬೧. ಪುಟ ೬೧. ಪುಟ ೬೧.
'ಪ್ರಗತಿ ಇಲ್ಲ' ಅಂದಿತು ಟ್ಯಾಬು.
'ಜ್ಞಾಪನೆ ಕಳಿಸಲೇ?'
ಕಳಿಸು ಎಂದು ಒತ್ತಿದ್ದೆ, ಆರು ಸಲ.
ಅವು ಅವಳಪ್ಪನ ಫೋನಿಗೆ ಹೋಗುತ್ತಿದ್ದವು.
ಅವನಿಗೆ ಓದಲು ಬಾರದೆಂಬುದು ಟ್ಯಾಬಿಗೆ ಗೊತ್ತಿರಲಿಲ್ಲ.
ನನಗೆ ಗೊತ್ತಿತ್ತು.

ಒಂದು ಸಂಜೆ ಸೈಕಲ್ಲು ತಿರುಗಿಸಿದೆ ಮಂಡಕ್ಕಿ ಭಟ್ಟಿ ಕಡೆಗೆ.
ದಾವಣಗೆರೆಯ ಆ ಓಣಿಗಳಲ್ಲಿ ಗೋಡೆಗೆ ಒಂದೇ ಬಣ್ಣ, ಮಸಿ.
ಕಾದ ಮರಳಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು,
ಅವಳಪ್ಪ ಜರಡಿ ಆಡಿಸುತ್ತಲೇ ತಲೆಯಲ್ಲಿ ನಮಸ್ಕಾರ ಮಾಡಿದ.
ಖಾಲಿ ಚೀಲಗಳ ರಾಶಿಯ ಮೇಲೆ ಅವಳು,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ ಮಡಿಲಲ್ಲಿ.
"ಯಾಕವ್ವಾ, ಮುಂದಕ್ಕೆ ಓದಲೇ ಇಲ್ಲ?"
ತೆರೆದಳು. ಬೆರಳಿಟ್ಟಳು.

"ಇಲ್ಲಿ ಮೇಕೆಗೆ ಜ್ವರ ಬಂದೈತಿ ಸಾರ್.
ಹಾಳೆ ತಿರುಗ್ಸಿದ್ರೆ ಸತ್ತೇ ಹೋಗ್ತೈತೇನೋ.
ತಿರುಗ್ಸಲಿಲ್ಲ ಅಂದ್ರೆ
ಬರೀ ಜ್ವರ."

ನಲವತ್ಮೂರು ದಿನ
ಒಂದು ಮೇಕೆಯನ್ನು ಬೆರಳ ತುದಿಯಲ್ಲಿ ಬದುಕಿಸಿಟ್ಟವಳನ್ನು
ನಾನು ಹಿಂದೆ ಬಿದ್ದವಳು ಎಂದು
ಇಡೀ ಶಾಲೆಗೆ ಕೇಳುವಂತೆ ಓದಿದ್ದೆ.
ಮುಂದೇನಾಗುತ್ತದೆ ಎಂದು ಹೇಳೋಣವೆಂದರೆ
ಆ ಪುಸ್ತಕ ನಾನೂ ಓದಿರಲಿಲ್ಲ.
ನಿಜ ಹೇಳಬೇಕೆಂದರೆ
ಬೀರುವಿನ ಒಂದನ್ನೂ.

ಆ ರಾತ್ರಿ ಟ್ಯಾಬಿನ ಒಳಗೆಲ್ಲ ಹುಡುಕಾಡಿದೆ,
ಹೊಸ ಬಾಡಿಗೆ ಮನೆಯಲ್ಲಿ ಸ್ವಿಚ್ಚು ತಡಕುವವನ ಹಾಗೆ.
ಪ್ರಥಮ ದ್ವಿತೀಯಗಳನ್ನು ಆರಿಸುವ ಗುಂಡಿ ಸಿಕ್ಕಿತು. ಆರಿಸಿದೆ.
ಮೂಲೆಯಲ್ಲಿ 'ಟಿಪ್ಪಣಿ' ಎಂಬ ಪುಟ್ಟ ಡಬ್ಬಿ,
ಒಂದು ವರ್ಷದಿಂದ ಖಾಲಿ.
ಬರೆದೆ: ಮೇಕೆಗೆ ಜ್ವರ. ಹುಡುಗಿ ಕಾಯುತ್ತಿದ್ದಾಳೆ.
ಆಮೇಲೆ 'ಹೊಸ ಓದುಗ' ಒತ್ತಿ ನನ್ನ ಹೆಸರು ಹಾಕಿದೆ.
ತರಗತಿ ಕೇಳಿತು; ಖಾಲಿ ಬಿಟ್ಟರೆ ಒಪ್ಪಲಿಲ್ಲ.
ಆರು ಎಂದು ಒತ್ತಿದೆ.

ಮಾರನೇ ದಿನ ಊಟದ ಗಂಟೆಯಲ್ಲಿ
ಮೊದಲ ಪುಟದಿಂದ ಶುರು, ನಾನು ಓದೋದು, ಅವಳು ತಿದ್ದೋದು.
ನಾಲ್ಕು ದಿನ ಹಿಡಿಯಿತು ಅರವತ್ತೊಂದಕ್ಕೆ.
"ತಿರುಗ್ಸೋಣೇನು ಸಾರ್?"
"ನೀ ಹಿಡಿ ಒಂದು ಕಡೆ."
ಹಾಳೆ ತಿರುಗಿಸುವುದಕ್ಕೆ ಇಬ್ಬರು ಬೇಕಾಗಿತ್ತು.

ಈಗಲೂ ಟ್ಯಾಬಿನಲ್ಲಿ ಕೆಂಪು ಬರುತ್ತದೆ.
ಬಂದರೆ ಸೈಕಲ್ಲು ತೆಗೆಯುತ್ತೇನೆ.

ಬಾಗಿಲಲ್ಲಿ ನಿಂತು ನೋಡಿದ್ದ ಓಬಳೇಶ ಕೇಳಿದ:
"ಮೇಕೆ ಏನಾತು ಸಾರ್?"
ಹೇಳಲಿಲ್ಲ. ಬೀರು ತೋರಿಸಿದೆ.
ಅವನ ಹೆಸರಿನ ಮುಂದೆ ಸೋಮವಾರ ಪುಟ ೯.
ಬುಧವಾರ ೩೦.
ಶನಿವಾರ ೬೧.
ಮತ್ತೆ ಸೋಮವಾರ, ೬೧.
ಮಂಗಳವಾರವೂ.

'ಜ್ಞಾಪನೆ ಕಳಿಸಲೇ?' ಎಂದಿತು ಟ್ಯಾಬು.
ಬೇಡ ಎಂದು ಒತ್ತಿದೆ.